ನಾಟಿ ಸಾಲಿನ ದನಿ

ಅರವತ್ತರ ದಶಕದಲ್ಲಿ, ಕಾಲೇಜಿನಲ್ಲಿದ್ದಾಗ, ನೋಡಿದ ಪ್ರತಿ ಸಿನಿಮಾವನ್ನೂ ತಾರೀಖು ಹಾಕಿ ಬರೆದಿಡುತ್ತಿದ್ದೆ. ಪಕ್ಕದಲ್ಲಿ ಮೂರು ಕಾಲಮು: ಮಾತಾಡಿದ ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ಯಾವ ಕೇರಿಯವರು. ಯಾರೂ ಹೇಳಿಕೊಟ್ಟದ್ದಲ್ಲ, ಗೆರೆ ಎಳೆದು ತುಂಬಿಸುವುದೇ ನನಗೊಂದು ಸುಖ.

ಆಗ ಜಕ್ಕೂರು ಕೆರೆಯ ಕೆಳಗಿನ ನಮ್ಮ ಗದ್ದೆಗಳಲ್ಲಿ ಒಬ್ಬ ನಿರ್ದೇಶಕರು ಚಿತ್ರ ತೆಗೆದರು. ಹಾಡಿಲ್ಲದ, ಕುಣಿತವಿಲ್ಲದ, ಹಳ್ಳಿಯನ್ನು ಇದ್ದ ಹಾಗೇ ತೋರಿಸುವ ಚಿತ್ರ. ನಾಟಿ ಹಾಕುತ್ತಿದ್ದ ಹೆಂಗಸರಲ್ಲಿ ನನ್ನ ಸೋದರತ್ತೆಯೂ ಇದ್ದಳು, ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಗಂಡ ತೀರಿಹೋದ ಮೇಲೆ ನಮ್ಮ ಮನೆ ಸೇರಿದ್ದ ಅವಳು ಮನೆಯೊಳಗೆ ದನಿ ಎತ್ತಿದ್ದೇ ಇಲ್ಲ. ಗದ್ದೆಗಿಳಿದರೆ ಮಾತ್ರ ಸಾಲನ್ನೆಲ್ಲ ನಗಿಸುತ್ತಿದ್ದಳು. "ನನ್ ಮಾತು ಬತ್ತದೇನೇ ಅದ್ರಾಗೆ?" ಎಂದು ತಿಂಗಳುಗಟ್ಟಲೆ ಕೇಳಿದಳು.

ಬಿಡುಗಡೆಗೆ ಮೊದಲು ಫಿಲ್ಮ್ ಸೊಸೈಟಿಯೊಂದು ಯಶವಂತಪುರದ ಒಂದು ಹಾಲಿನಲ್ಲಿ ಆ ಚಿತ್ರ ತೋರಿಸಿತು. ನಾನೊಬ್ಬಳೇ ಹೋದೆ. ಪರದೆಯ ಮೇಲೆ ಗೌಡರು ಮಾತಾಡಿದರು, ಮೇಷ್ಟ್ರು ಮಾತಾಡಿದರು, ಗಾಡಿ ಹೊಡೆಯುವ ಸಾಬರೂ ಎರಡು ಮಾತಾಡಿದರು. ಹೆಂಗಸರಲ್ಲಿ ಗೌಡರ ಹೆಂಡತಿಗೆ ಮಾತ್ರ ಬಾಯಿ. ನಾಟಿಯ ಸಾಲು ಬಂದಾಗ ಬರೀ ದುಃಖದ ಕೊಳಲು. ಅದರಡಿಯಲ್ಲಿ ಅತ್ತೆಯ ತುಟಿಗಳು ಅಲ್ಲಾಡುತ್ತಿದ್ದವು.

ಆಮೇಲಿನ ಚರ್ಚೆಯಲ್ಲಿ ಎಲ್ಲರೂ ಇದು ಹಳ್ಳಿಯ ನಿಜವಾದ ದನಿ ಎಂದು ಹೊಗಳಿದರು. ನಾನು ಎದ್ದು ನನ್ನ ಲೆಕ್ಕ ಓದಿದೆ.

"ಕೂತ್ಕೊಳಮ್ಮ, ಇದೇನ್ ಜನಗಣತಿನಾ?" ಎಂದರು ಹಿಂದಿನಿಂದ ಯಾರೋ. ಹಾಲೆಲ್ಲ ನಕ್ಕಿತು.

ನಿರ್ದೇಶಕರು ನಗಲಿಲ್ಲ. "ಗದ್ದೇಲಿ ಮೈಕ್ ಇರ್ಲಿಲ್ಲಮ್ಮ. ದನಿ ಎಲ್ಲಾ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಅವರ ಕಷ್ಟಕ್ಕೆ ಕೊಳಲು ಸಾಕು ಅಂದ್ಕೊಂಡೆ. ಏನ್ ಮಾತಾಡ್ತಿದ್ರು ಅವ್ರು?"

"ನಿಮ್ಮನ್ನೇ ಆಡ್ಕೊಳ್ತಿದ್ರು ಸಾರ್. ಕೆಸರಿಗೆ ಬೂಟ್ಸ್ ಹಾಕ್ಕೊಂಡು ಬಂದವ್ರೆ, ಪೈರಿನ ಜೊತೆ ಇವ್ರನ್ನೂ ನೆಟ್ಬುಡಾಣ ಅಂತ."

ಈ ಸಲ ಮೊದಲು ನಕ್ಕವರು ಅವರೇ. "ಹಾಗಾದ್ರೆ ಅವರನ್ನ ಸ್ಟುಡಿಯೋಗೆ ಕರ್ಕೊಂಡ್ಬಾ."

ಅತ್ತೆ ಇಬ್ಬರು ಜೊತೆಗಾತಿಯರೊಂದಿಗೆ ಬಂದಳು. ಪರದೆಯ ಮೇಲಿನ ತನ್ನನ್ನೇ ನೋಡುತ್ತ ಮೈಕಿನ ಮುಂದೆ ನಿಂತಳು. ಮಾತು ಹೊರಡಲಿಲ್ಲ. ಮತ್ತೆ ಮತ್ತೆ ರೀಲು ಹಿಂದಕ್ಕೆ ಸುತ್ತಿದರು. ಯಾರಾದರೂ ಕಲಾವಿದೆಯ ಕೈಲಿ ಹೇಳಿಸಿಬಿಡೋಣ ಎಂದರು ಸೌಂಡಿನವರು.

"ಇಂಗೆ ನೆಟ್ಟಗೆ ನಿಂತ್ಕಂಡು ಯಾರ್ ಸ್ವಾಮಿ ಮಾತಾಡ್ತಾರೆ?" ಎಂದಳು ಅತ್ತೆ. "ಬಗ್ಗಿದ್ರೆ ತಾನೇ ಮಾತು ಬರೋದು."

ನಿರ್ದೇಶಕರು ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿಕೊಂಡು ನೆಲದ ಮೇಲೆ ಕೂತರು. ಅವಳ ಮೊಣಕಾಲ ಮಟ್ಟಕ್ಕೆ ಅದನ್ನು ಹಿಡಿದರು. ಮೂವರೂ ಸೆರಗು ಸಿಕ್ಕಿಸಿ ಬಗ್ಗಿ, ಇಲ್ಲದ ಪೈರನ್ನು ನೆಡುತ್ತ ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿದರು. ಅತ್ತೆ ಒಂದು ಮಾತಂದರೆ ಅವರಿಬ್ಬರು ಎರಡು ಸೇರಿಸುತ್ತಿದ್ದರು. ಅವರು ಸರಿದಂತೆಲ್ಲ ನಿರ್ದೇಶಕರೂ ಮೈಕು ಹಿಡಿದು ಕೂತಂತೆಯೇ ಮುಂದೆ ಸರಿದರು.

ಮುಗಿದ ಚಿತ್ರಕ್ಕೆ ಮತ್ತೆ ಕೈ ಹಾಕಿ, ತಾವೇ ಮೆಚ್ಚಿದ್ದ ಕೊಳಲನ್ನು ಅವರು ತೆಗೆದುಹಾಕಿದರು. ಒಬ್ಬ ಹುಡುಗಿಯ ಲೆಕ್ಕಕ್ಕೆ ಯಾರು ಹಾಗೆ ಮಾಡುತ್ತಾರೆ? ಇವತ್ತಿಗೂ ಅವರನ್ನು ನೆನೆದರೆ ಮನಸ್ಸು ತುಂಬುತ್ತದೆ.

ಅವತ್ತು ಸ್ಟುಡಿಯೋದಲ್ಲಿ ರೀಲು ಮುಗಿದು ಪರದೆ ಬೆಳ್ಳಗಾಯಿತು. ಅತ್ತೆ ಮಾತಾಡುತ್ತಲೇ ಇದ್ದಳು. ಸೌಂಡಿನವರು ಸಾಕೇ ಎಂದು ಸನ್ನೆ ಮಾಡಿದರು. ನಿರ್ದೇಶಕರು ಇನ್ನೂ ಇರಲಿ ಎಂಬಂತೆ ತಲೆಯಾಡಿಸಿ, ಮೈಕನ್ನು ಹಾಗೆಯೇ ಹಿಡಿದುಕೊಂಡಿದ್ದರು.