ಕೈಚೀಲದಲ್ಲಿಟ್ಟ ಕಾಲು

ಅತ್ತೆಯ ಎಡಗಾಲು ಮೊಣಕಾಲಿನಿಂದ ಒಂದು ಗೇಣು ಇಳಿದು ಅಲ್ಲಿಗೇ ಮುಗಿಯುತ್ತಿತ್ತು. ತುದಿ ಬೆಳವಲಕಾಯಿಯ ಹಾಗೆ ಗುಂಡಗಿತ್ತು. ಆ ದಿನ ಸಂಜೆಯೂ ಅವಳು ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತು, ಕಟ್ಟಿಗೆಯ ಕಾಲಿನ ಪಟ್ಟಿ ಬಿಚ್ಚಿ, ಆ ತುದಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ನಾನು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಚಹಾಕ್ಕೆ ಸಕ್ಕರೆ ಸಾಲದೆಂದು ಬೈದಳು. "ಸಕ್ರಿ ಏನ್ ಯಾರದರ ಮದುವಿಗೆ ಎತ್ತಿಟ್ಟೀಯೇನು?" ಎಂದಳು. ಇನ್ನೊಂದು ಚಮಚ ಹಾಕಿಕೊಟ್ಟೆ. ಒಂದು ಗುಟುಕು ಕುಡಿದು, "ಈಗ ಪಾಯಸ ಆತು" ಎಂದು ಮತ್ತೆ ಬೈದಳು. ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡು ಮಲಗಿದೆವು.

ಅದೇ ನಮ್ಮ ಮನೆಯ ಕೊನೆಯ ಸಾಧಾರಣ ದಿನ. ಬೆಳಗಾಗುವಷ್ಟರಲ್ಲಿ ಅವಳ ಬಲಗೈ ಏಳಲಿಲ್ಲ, ಮಾತು ತೊದಲಿತು. ಗದಗದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ಆಮೇಲೆ ಇಲ್ಲ.

ಮಣ್ಣಿಗೆ ಬಂದವರ ಬಾಯಲ್ಲೆಲ್ಲ ಒಂದೇ ಮಾತು. "ಪಾಪ, ಕಾಲಿಲ್ಲದ ಜೀವ." "ಪಾಪ, ಮದುವಿ ಇಲ್ಲ, ಮಕ್ಕಳಿಲ್ಲ." ಆ ಮಾತನ್ನು ನಾನು ಒಪ್ಪುವುದಿಲ್ಲ. ಅಂದು ಅಳುತ್ತಿದ್ದೆ, ಅದಕ್ಕೆ ಹೇಳಲಾಗಲಿಲ್ಲ. ಈಗ ಹೇಳುತ್ತಿದ್ದೇನೆ.

ಅವಳು ನನ್ನ ಅಪ್ಪನ ಅಕ್ಕ. ಹುಡುಗಿಯಾಗಿದ್ದಾಗ ಅರಳೆ ಹೇರಿಕೊಂಡು ಪೇಟೆಗೆ ಹೊರಟಿದ್ದ ಚಕ್ಕಡಿಯ ಗಾಲಿ ಪಾದದ ಮೇಲೆ ಹಾಯಿತು. ಗಾಯ ಕೊಳೆತು ಕಾಲು ತೆಗೆದರು. ಅಪ್ಪ, ಅವ್ವ ಇಬ್ಬರೂ ನಾನು ಸಣ್ಣವಳಿದ್ದಾಗಲೇ ತೀರಿದರು. ಬೆಟಗೇರಿಯ ಈ ಎರಡು ಅಂಕಣದ ಮನೆಯಲ್ಲಿ, ಈ ಮಗ್ಗದ ಮೇಲೆ, ನನ್ನನ್ನು ಸಾಕಿದವಳು ಅವಳು. ಬಸ್ಸಿನಲ್ಲಿ ಯಾರಾದರೂ "ಪಾಪ, ಕುಂಡ್ರಿ" ಎಂದು ಎದ್ದು ನಿಂತರೆ, "ಸೀಟು ಕೊಡ್ರಿ, ಪಾಪ ನೀವ ಇಟ್ಕೋರಿ" ಎಂದು ಕುಳಿತುಬಿಡುತ್ತಿದ್ದಳು.

ಅವಳಿಗೆ ಎರಡು ಕೃತಕ ಕಾಲುಗಳಿದ್ದವು. ಎರಡೂ ಎಡಗಾಲು.

ಒಂದು ಪ್ಲಾಸ್ಟಿಕ್ಕಿನದು, ರಬ್ಬರಿನ ಪಾದದ್ದು. ಪಾದಕ್ಕೆ ಬೆರಳುಗಳೂ ಇದ್ದವು. ಗದಗ ಬೇರೆ ಜಿಲ್ಲೆಯಾದ ಹೊಸದರಲ್ಲಿ ನಡೆದ ಶಿಬಿರದಲ್ಲಿ ಪುಕ್ಕಟೆ ಸಿಕ್ಕದ್ದು. ಅದಕ್ಕೂ ಮೊದಲು ಅಂಗವಿಕಲರ ಒಂದು ಸರ್ಟಿಫಿಕೇಟು ಬೇಕೆಂದರೂ ಧಾರವಾಡಕ್ಕೆ ಹೋಗಬೇಕಿತ್ತು. "ಜಿಲ್ಲಾ ಆಗಿ ನನಗ ಒಂದು ಕಾಲರ ಬಂತು, ನಿಮಗೇನ್ ಬಂತು?" ಎಂದು ಓಣಿಯವರನ್ನು ಕೇಳುತ್ತಿದ್ದಳು. ಅದಕ್ಕೆ ಚಪ್ಪಲಿ ಹಾಕಿಕೊಂಡು ಶಿರಹಟ್ಟಿಯ ಮದುವೆ, ಲಕ್ಷ್ಮೇಶ್ವರದ ಸಂತೆ ಎಲ್ಲ ತಿರುಗುತ್ತಿದ್ದಳು. ಅದು "ಊರಿಗಿ ಹೋಗೋ ಕಾಲು".

ಆದರೆ ಮಗ್ಗಕ್ಕೆ ಅದು ಬರುತ್ತಿರಲಿಲ್ಲ. ನಮ್ಮದು ಕುಣಿಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ರಬ್ಬರಿನ ಪಾದ ಹಲಗೆಯಿಂದ ಜಾರುತ್ತಿತ್ತು. ಅದಕ್ಕಾಗಿ ಮಗ್ಗ ಮಾಡುವ ಬಡಿಗನಿಂದ ಜಾಲಿ ಕಟ್ಟಿಗೆಯ ಇನ್ನೊಂದು ಕಾಲು ಮಾಡಿಸಿದ್ದಳು. ಪಾದದ ಜಾಗದಲ್ಲಿ ಹಲಗೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಕವೆ, ಮೇಲೆ ದಪ್ಪ ಬೋಲ್ಟು, ಚರ್ಮದ ಪಟ್ಟಿಗಳು. ಕುಳಿತು ದುಡಿಯುವುದಕ್ಕೆ ಮಾತ್ರ ಅದು. ಹಾಕಿಕೊಂಡು ನಡೆದರೆ ತುದಿ ಸುಲಿಯುತ್ತಿತ್ತು. ಅದರ ಹೆಸರು "ದುಡಿಯೋ ಕಾಲು".

ಕೆಲವು ವರ್ಷಗಳ ಹಿಂದೆ ದೆಹಲಿಯಲ್ಲಿ ಕೈಮಗ್ಗದ ಪ್ರದರ್ಶನವೊಂದಕ್ಕೆ ನಮ್ಮ ನೇಕಾರರ ಸಂಘಕ್ಕೆ ಕರೆ ಬಂತು. ಜನರ ಮುಂದೆ ಕುಳಿತು ನೇಯ್ದು ತೋರಿಸಬೇಕು. ಹೋಗಿಬರಲು ವಿಮಾನ. ಸಂಘದ ಕಾರ್ಯದರ್ಶಿ ಮನೆಗೆ ಬಂದರು.

"ಅಕ್ಕಾರ, ನೀವು ಬರ್ರಿ. ಸೀರಿ ಹಿಡದು ನಿಂದರ್ರಿ ಸಾಕು, ಫೋಟೋ ಛಲೋ ಬರ್ತಾವ. ನೇಯಾಕ ಬ್ಯಾರೆ ಯಾರನ್ನಾರ ಕುಂಡ್ರಸೋಣಂತ."

"ಸೀರಿ ಹಿಡದು ನಿಂದರಾಕ ನಾ ಏನ್ ಅಂಗಡ್ಯಾಗಿನ ಬೊಂಬಿ ಏನ್ರಿ? ನೇಯೂದಿದ್ರ ಬರ್ತೇನಿ. ಇಲ್ಲಂದ್ರ ಬೊಂಬಿನ ಒಯ್ರಿ."

ಕಾರ್ಯದರ್ಶಿ ನಕ್ಕರು. "ಆತು, ನೀವ ನೇಯ್ರಿ. ಆದ್ರ ಅಲ್ಲಿ ಹೋದ ಮ್ಯಾಲೆ ಆಗಂಗಿಲ್ಲ ಅಂದ್ರ ನಾ ಇನ್ನೊಬ್ಬರನ್ನ ಕುಂಡ್ರಸ್ತೇನಿ ನೋಡ್ರಿ. ನಮ್ಮ ಬೆಟಗೇರಿ ಹೆಸರಿನ ಮಾತು."

ಅಲ್ಲಿಂದ ಅತ್ತೆಗೆ ಒಂದೇ ಚಿಂತೆ. ದುಡಿಯುವ ಕಾಲು ದೆಹಲಿ ಮುಟ್ಟಬೇಕು. ಅದು ಮುಟ್ಟದಿದ್ದರೆ ಅವಳು ಬೊಂಬೆ.

ಮುಂಡರಗಿಯಲ್ಲಿರುವ ಕಾಕಾ, ಅಂದರೆ ಅತ್ತೆಯ ಕಿರಿಯ ತಮ್ಮ, ಸಾಮಾನು ಕಟ್ಟಿಕೊಡಲು ಬಂದ. ನಮ್ಮ ಪೈಕಿ ವಿಮಾನ ಹತ್ತಿದವನು ಅವನೊಬ್ಬನೇ. ದೊಡ್ಡ ಪೆಟ್ಟಿಗೆಯನ್ನು ಮೊದಲೇ ಅವರ ಕೈಗೆ ಕೊಟ್ಟುಬಿಡಬೇಕು, ಅದು ವಿಮಾನದ ಹೊಟ್ಟೆಯಲ್ಲಿ ಬರುತ್ತದೆ. ಸಣ್ಣ ಚೀಲ ನಮ್ಮ ಜೊತೆಗೇ ಬರುತ್ತದೆ, ಆದರೆ ಅದನ್ನು ಪೊಲೀಸರು ನೋಡಿ ಬಿಡುತ್ತಾರೆ ಎಂದು ವಿವರಿಸಿದ. ಕತ್ತರಿ, ಲಾಳಿ, ಎಣ್ಣೆಯ ಬಾಟಲಿ, ಕೆಂಪು ಖಾರದ ಪುಡಿ ಎಲ್ಲ ದೊಡ್ಡ ಪೆಟ್ಟಿಗೆಗೆ ಹೋದವು. ಅತ್ತೆ ಒಂದಕ್ಕೂ ತಕರಾರು ಮಾಡಲಿಲ್ಲ. ಕಾಕಾ ಕಟ್ಟಿಗೆಯ ಕಾಲನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟ. ಅವಳು ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಯಕ್ಕಾ, ಕೆಳಗ ಹಾಕು. ಕಬ್ಬಿಣ ಐತಿ, ಮ್ಯಾಲೆ ಬಿಡಂಗಿಲ್ಲ."

"ನೀ ವಿಮಾನ ಹತ್ತಿದಾಗ ನಿನ್ನ ಪೆಟ್ಟಿಗಿ ಎಲ್ಲಿ ಹೋಗಿತ್ತು, ತಮ್ಮಾ?"

"ಬ್ಯಾರೆ ಊರಿಗಿ ಹೋಗಿತ್ತು. ಎರಡ ದಿನ ತಡ ಆತು, ಸಿಕ್ತಲ್ಲ."

"ಅದರಾಗ ನಿನ್ನ ಅಂಗಿ ಇದ್ವು. ಎರಡ ದಿನ ತಡ ಆದ್ರ ನಡೀತು. ನಾ ಎರಡ ದಿನ ಏನ್ ಮಾಡ್ಲಿ, ಸೀರಿ ಹಿಡದು ನಿಂದರ್ಲೇನು?"

ಕಾಕಾನಿಗೆ ನಿಜವಾದ ಕಷ್ಟ ಬೇರೆಯೇ ಇತ್ತು. ದನಿ ಇಳಿಸಿ ಹೇಳಿದ: "ಮಂದಿ ಮುಂದ ಚೀಲ ಬಿಚ್ಚಿ ಆ ಕಟ್ಟಿಗಿ ಕಾಲು ತೆಗದು ನೋಡ್ತಾರವ್ವಾ. ನಾಚಿಕಿ ಆಗಂಗಿಲ್ಲೇನು?"

"ಕಾಲು ಹೋದಾಗ ನಾಚಿಕಿ ಆಗ್ಲಿಲ್ಲ. ಇದ್ದಾಗ ಯಾಕ ನಾಚಲಿ?"

ಕೈಚೀಲದಲ್ಲಿ ಬಿ.ಪಿ. ಗುಳಿಗೆ, ನಾಲ್ಕು ರೊಟ್ಟಿ, ಹಳೆಯ ಟಾವೆಲಿನಲ್ಲಿ ಸುತ್ತಿದ ದುಡಿಯುವ ಕಾಲು. ಅವಳ ಜೊತೆಗೆ ನಾನು. ಕಾರ್ಯದರ್ಶಿ ಮೊದಲೇ ದೆಹಲಿಗೆ ಹೋಗಿದ್ದರು. ವಿಮಾನ ನಿಲ್ದಾಣಕ್ಕೆ ಹೊರಟ ಬಸ್ಸು ಅಣ್ಣಿಗೇರಿ ದಾಟುವಾಗ ನಾನೂ ಮೆಲ್ಲಗೆ ಹೇಳಿದೆ, ಇನ್ನೂ ಹೊತ್ತಿದೆ, ದೊಡ್ಡ ಪೆಟ್ಟಿಗೆಗೆ ಹಾಕಿಬಿಡೋಣ ಎಂದು. ಅವಳು ಕಿಟಕಿಯ ಹೊರಗೆ ನೋಡುತ್ತ, "ಕೇಳ್ಸಂಗಿಲ್ಲ" ಎಂದಳು.

ವಿಮಾನ ನಿಲ್ದಾಣದಲ್ಲಿ ದೊಡ್ಡ ಪೆಟ್ಟಿಗೆ ಕೊಟ್ಟೆವು. ತಪಾಸಣೆಯ ಸಾಲಿನಲ್ಲಿ ನಮ್ಮ ಕೈಚೀಲ ಯಂತ್ರದೊಳಗೆ ಹೋಗಿ ನಿಂತಿತು, ಹಿಂದೆ ಸರಿಯಿತು, ಮತ್ತೆ ಮುಂದೆ ಹೋಯಿತು. ಒಬ್ಬ ಪೊಲೀಸ್ ಹುಡುಗ ಅದನ್ನು ಬದಿಗೆ ತೆಗೆದು ಟಾವೆಲು ಬಿಚ್ಚಿದ. ಜಾಲಿ ಕಟ್ಟಿಗೆ, ಬೋಲ್ಟು, ಕಬ್ಬಿಣದ ಕವೆ. ಹಿಂದೆ ನಿಂತಿದ್ದವರು ಸ್ವಲ್ಪ ಹಿಂದಕ್ಕೆ ಸರಿದರು. ಅವನು ಹಿಂದಿಯಲ್ಲಿ ಏನೋ ಹೇಳಿ, ಪಕ್ಕದಲ್ಲಿದ್ದ ಮಹಿಳಾ ಪೊಲೀಸ್ ಒಬ್ಬಳನ್ನು ಕರೆದ. ಆಕೆ ನಮ್ಮ ಕಡೆಯವಳು, ಮಾತಿನಲ್ಲೇ ಗೊತ್ತಾಯಿತು.

"ಅಮ್ಮಾರ, ಇದನ್ನ ಮ್ಯಾಲೆ ಬಿಡಂಗಿಲ್ರಿ. ಹೊಡಿಯೋ ಬಡಿಗಿ ಇದ್ದಂಗ ಐತಿ, ಕಬ್ಬಿಣ ಬ್ಯಾರೆ ಐತಿ. ಹೊರಗ ಹೋಗಿ ದೊಡ್ಡ ಪೆಟ್ಟಿಗಿ ಜೋಡಿ ಕಳಸ್ರಿ. ಇನ್ನೂ ಟೈಮ್ ಐತಿ."

"ಬಡಿಗಿ ಅಲ್ಲವ್ವಾ, ಅದು ನನ್ನ ಕಾಲು."

ಆಕೆ ಅತ್ತೆಯ ಪಾದಗಳನ್ನು ನೋಡಿದಳು. ಎರಡೂ ಇದ್ದವು, ಎರಡಕ್ಕೂ ಚಪ್ಪಲಿ ಇತ್ತು. ಅತ್ತೆ ಸೀರೆ ಸ್ವಲ್ಪ ಎತ್ತಿ ತೋರಿಸಿದಳು. "ಇದು ಊರಿಗಿ ಹೋಗೋ ಕಾಲು. ಅದು ದುಡಿಯೋ ಕಾಲು. ಅದಿಲ್ಲಂದ್ರ ನನಗ ದಿಲ್ಲ್ಯಾಗ ಕೆಲಸಿಲ್ಲ."

ಆಕೆ ನಗಲಿಲ್ಲ. "ನಮ್ಮ ರೂಲು ಹಿಂಗ ಐತ್ರಿ. ಹಾಕ್ಕೊಂಡಿರೋ ಕಾಲಿಗೆ ಬ್ಯಾಡ ಅನ್ನಂಗಿಲ್ಲ, ತಪಾಸ ಮಾಡಿ ಬಿಡ್ತೀವಿ. ಚೀಲದಾಗ ಇದ್ರ ಅದು ಸಾಮಾನು. ನಾ ಏನ್ ಮಾಡ್ಲಿ ಹೇಳ್ರಿ?"

ನಾನು ಹೊರಗೆ ಹೋಗಲು ಚೀಲ ಎತ್ತಿಕೊಂಡಿದ್ದೆ. ಅತ್ತೆ ಅಲ್ಲಿಯೇ ನಿಂತಿದ್ದಳು.

"ಹಂಗಾದ್ರ ಒಂದು ಕುರ್ಚಿ ತರ್ರಿ" ಎಂದಳು.

ಕುರ್ಚಿ ಬಂತು. ಹೆಂಗಸರನ್ನು ತಪಾಸಣೆ ಮಾಡುವ ಪರದೆಯ ಹಿಂದೆ ಬರಲು ಆಕೆ ಕರೆದಳು.

"ಯಾಕವ್ವಾ? ಆ ದೊಡ್ಡ ಮನಶ್ಯಾರು ಬೂಟು, ಬೆಲ್ಟು ಎಲ್ಲಾ ಇಲ್ಲೇ ಬಿಚ್ಚಾಕತ್ಯಾರ. ಅವ್ರಿಗಿಲ್ಲದ ಪರದೆ ನನಗ್ಯಾಕ?"

ಎಲ್ಲರೆದುರು ಕುಳಿತು ರಬ್ಬರಿನ ಕಾಲನ್ನು ಬಿಚ್ಚಿದಳು. ಅದನ್ನು ಚಪ್ಪಲಿ ಸಮೇತ ಟ್ರೇಯಲ್ಲಿ ಇಟ್ಟಳು. ಒಂದು ಲ್ಯಾಪ್‌ಟಾಪಿಗೂ ಒಂದು ಜೋಡಿ ಬೂಟಿಗೂ ನಡುವೆ ಅವಳ ಕಾಲು ಯಂತ್ರದೊಳಗೆ ಹೋಯಿತು. ಅದಕ್ಕೆ ಯಾರದೂ ತಕರಾರು ಇರಲಿಲ್ಲ. ಕಟ್ಟಿಗೆಯ ಕಾಲನ್ನು ಹಾಕಿಕೊಂಡು, ಪಟ್ಟಿ ಬಿಗಿದು, ಎದ್ದು ನಿಂತಳು. ನನಗೆ ನೆಲದೊಳಗೆ ಇಳಿದುಹೋದರೆ ಸಾಕು ಅನ್ನಿಸಿತ್ತು. ಅವಳು ತಲೆ ತಗ್ಗಿಸಿರಲಿಲ್ಲ.

ಮೇಲಧಿಕಾರಿ ಬಂದರು. ಒಂದು ಬಟ್ಟೆಯ ಚೂರಿನಿಂದ ಕಟ್ಟಿಗೆ, ಬೋಲ್ಟು, ಕವೆ ಎಲ್ಲ ಒರೆಸಿ, ಆ ಚೂರನ್ನು ಬೇರೊಂದು ಯಂತ್ರದಲ್ಲಿಟ್ಟು ನೋಡಿದರು. ಆಮೇಲೆ ಆ ಮಹಿಳಾ ಪೊಲೀಸಿಗೆ ಏನೋ ಹೇಳಿದರು.

"ಸಾಹೇಬ್ರು ಕೇಳಾಕತ್ಯಾರ್ರಿ, ಇದನ್ನ ವಿಮಾನದಾಗ ಬಿಚ್ಚಂಗಿಲ್ಲ ಅಂತ ಮಾತು ಕೊಡ್ತೀರೇನು?"

"ಬಿಚ್ಚಿ ಎಲ್ಲಿಗೆ ಹೋಗ್ಲೆವ್ವಾ?"

ಆಗ ಆಕೆ ನಕ್ಕಳು. ಅಧಿಕಾರಿ ಹೋಗಿ ಎಂದು ಕೈ ಮಾಡಿದರು. ಆ ನುಣುಪು ನೆಲದ ಮೇಲೆ ಕಬ್ಬಿಣದ ಕವೆ ಊರುತ್ತ ಅತ್ತೆ ನಡೆದಳು. ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದೇ ನಡೆದಳು.

ವಿಮಾನದಲ್ಲಿ ಪಟ್ಟಿ ಒತ್ತಿ ಅವಳ ಮುಖ ಬೆವರುತ್ತಿತ್ತು. "ಯಾರೂ ನೋಡಂಗಿಲ್ಲ, ಬಿಚ್ಚು ಅತ್ತಿ" ಎಂದೆ. "ಮಾತು ಕೊಟ್ಟೇನಿ" ಎಂದಳು. ದೆಹಲಿಯಲ್ಲಿ ಇಳಿದು, ಒಂದು ಬೆಂಚು ಹುಡುಕಿ ಕೂರಿಸಿ ಬಿಚ್ಚಿದಾಗ ತುದಿಯ ಚರ್ಮ ಸುಲಿದಿತ್ತು. ನಮ್ಮ ದೊಡ್ಡ ಪೆಟ್ಟಿಗೆ ಮಾತ್ರ ನಮಗಿಂತ ಮೊದಲೇ ಬಂದು ಬೆಲ್ಟಿನ ಮೇಲೆ ತಿರುಗುತ್ತಿತ್ತು.

"ಕೆಳಗ ಹಾಕಿದ್ರೂ ಬರ್ತಿತ್ತು ನೋಡು" ಎಂದೆ.

"ಬಂದ ಮ್ಯಾಲೆ ಎಲ್ಲಾರೂ ಹೇಳ್ತಾರ."

ಪ್ರದರ್ಶನದಲ್ಲಿ ಕುಣಿ ತೋಡುವಂತಿರಲಿಲ್ಲ. ಹಲಗೆಯ ವೇದಿಕೆಯ ಮೇಲೆ ಎತ್ತರದ ಮಗ್ಗ ನಿಲ್ಲಿಸಿದ್ದರು. ಮೊದಲ ದಿನ ಎಳೆ ಮೇಲಿಂದ ಮೇಲೆ ಹರಿಯಿತು. ಸುಲಿದ ಕಾಲು ಉರಿಯುತ್ತಿತ್ತು. ಆ ಮಗ್ಗವನ್ನೂ, ಅದನ್ನು ಮಾಡಿದವನನ್ನೂ, ಅವನ ಗುರುವನ್ನೂ ಅತ್ತೆ ಬಾಯಿ ತುಂಬ ಬೈದಳು. ಸುತ್ತ ನಿಂತ ದೆಹಲಿಯ ಜನ ಅದು ಯಾವುದೋ ನೇಕಾರರ ಹಾಡೆಂದು ತಿಳಿದು ತಲೆದೂಗಿದರು. ಮಧ್ಯಾಹ್ನ ಕಾರ್ಯದರ್ಶಿ ಹತ್ತಿರ ಬಂದು, "ಅಕ್ಕಾರ, ಇವತ್ತೊಂದಿನ ಸೀರಿ ಹಿಡದು..." ಎಂದು ಶುರುಮಾಡಿದರು. ಅತ್ತೆ ಅವರ ಮುಖ ನೋಡಿದಳು. ಅವರು ಮಾತು ಮುಗಿಸದೆ ಚಹಾ ತರಲು ಹೋದರು. ಸಂಜೆ ತುಳಿಯುವ ಹಲಗೆಗಳ ಹಗ್ಗ ಸಡಿಲಿಸಿ, ಅವನ್ನು ತನ್ನ ಕಾಲಿಗೆ ಸಿಗುವಂತೆ ಇಳಿಸಿಕೊಂಡಳು. ಮರುದಿನದಿಂದ ಮಗ್ಗ ಅವಳ ಮಾತು ಕೇಳಿತು. ಪ್ರದರ್ಶನ ಮುಗಿಯುವವರೆಗೂ ಬೇರೆ ಯಾರೂ ಅದರ ಮೇಲೆ ಕೂರಲಿಲ್ಲ.

ಹಿಂತಿರುಗುವಾಗ ದುಡಿಯುವ ಕಾಲನ್ನು ತಾನೇ ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟಳು. "ಈಗ ತಡ ಆದ್ರ ಆಗ್ಲಿ. ಕೆಲಸ ಮುಗದೈತಿ" ಎಂದಳು. ಅವಳ ಹಟವನ್ನು ಮೊಂಡತನ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಯಾವುದನ್ನು ಬಿಟ್ಟುಕೊಡಬಹುದು, ಯಾವಾಗ ಬಿಟ್ಟುಕೊಡಬಹುದು ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಹೋದ ದಿನ ಆಸ್ಪತ್ರೆಯಿಂದ ಮನೆಗೆ ತಂದು ಮೈ ತೊಳೆಸಿ ಹೊಸ ಸೀರೆ ಉಡಿಸಿದೆವು. ನಮ್ಮಲ್ಲಿ ಮಣ್ಣು ಮಾಡುತ್ತಾರೆ. ನಾನು ದುಡಿಯುವ ಕಾಲನ್ನು ತಂದು ಅವಳಿಗೆ ಹಾಕತೊಡಗಿದೆ. ಕಾಕಾ ತಡೆದ.

"ಅದನ್ನ ಯಾಕ ಹಾಕ್ತಿ? ಕಬ್ಬಿಣ ಐತಿ. ಹೋಗೋರ ಜೋಡಿ ಸಾಮಾನು ಕಳಸಬಾರದು."

ಹಿರಿಯರು ಹೌದೆಂದರು. ಒಬ್ಬರು ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲು ಬಂದರು. ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಮನೆಯಲ್ಲಿ ಆ ಕೆಲಸಕ್ಕೆ ಅತ್ತೆ ಇದ್ದಳು, ನನ್ನ ಪಾಲಿನದನ್ನೂ ಅವಳೇ ಆಡುತ್ತಿದ್ದಳು. ಅಂದು ಅವಳು ಆಡುವಂತಿರಲಿಲ್ಲ.

"ಕೈ ಹಚ್ಚಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅತ್ತಿ ಎರಡು ಕಾಲ ಮ್ಯಾಲೆ ಹೋಗ್ತಾಳ. ಆಗಂಗಿಲ್ಲ ಅನ್ನೋರು ಮನಿಗೆ ಹೋಗ್ರಿ. ನಾ ಒಬ್ಬಾಕಿನ ಮಣ್ಣು ಮಾಡ್ತೇನಿ."

ಯಾರೂ ಮನೆಗೆ ಹೋಗಲಿಲ್ಲ. ಕಾಕಾ ಮುಖ ತಿರುಗಿಸಿಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತ. ನಾನು ಒಂದೊಂದೇ ಪಟ್ಟಿ ಬಿಗಿದೆ, ಸೀರೆಯ ನೆರಿಗೆ ಸರಿಮಾಡಿದೆ. ಹಾಗೆಯೇ ಮಣ್ಣಾದಳು. ಕಾಕಾ ಇವತ್ತಿಗೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಮಾತಾಡದಿದ್ದರೆ ಬೇಡ.

ಈಗ ಮಗ್ಗದ ಮೇಲೆ ನಾನು ಕೂರುತ್ತೇನೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಏನಾರ ಬೇಕಾದ್ರ ಹೇಳವ್ವಾ" ಎನ್ನುತ್ತಾರೆ. ಏನು ಹೇಳಲಿ? ಮನೆಯಲ್ಲಿ ಜೋಳವಿದೆ. ನೂಲು ಇದೆ. ಕೈಗೆ ಕೆಲಸವಿದೆ. ಅತ್ತೆ ಇಲ್ಲ.