ಮದರಂಗಿ ಗಿಡದ ಬುಡಕ್ಕೆ ಹೋಗುವ ನೀರು

ಅಂಗಳ ಗುಡಿಸಿದ್ದು, ಹಾಲು ಕಾಯಿಸಿದ್ದು, ಹದಿನಾಲ್ಕು ರೊಟ್ಟಿ ಬಡಿದದ್ದು, ಯಜಮಾನರ ಅಂಗಿಗೆ ಗುಂಡಿ ಹಚ್ಚಿದ್ದು, ಪಾತ್ರೆ ತಿಕ್ಕಿದ್ದು. ಅವತ್ತು ಇಷ್ಟಾಗುವ ಹೊತ್ತಿಗೆ ಬಚ್ಚಲಲ್ಲಿ ನೀರು ಹಿಮ್ಮಡಿ ಮುಳುಗುವಷ್ಟು ನಿಂತಿತ್ತು.

ತಪ್ಪು ನನ್ನದೇ. ಸಿಂಧನೂರಿನ ನಮ್ಮ ಓಣಿಯಲ್ಲಿ ಅಕ್ಕಿ ಗಿರಣಿಯಿಂದ ಹೊಟ್ಟಿನ ಬೂದಿ ತಂದು ಪಾತ್ರೆ ತಿಕ್ಕುವುದು ರೂಢಿ. ಮೊದಲು ಬಚ್ಚಲ ನೀರಿಗೆ ತೆರೆದ ಮೋರಿ ಇತ್ತು. ಬೂದಿ ಕೂತರೆ ಸಲಿಕೆಯಿಂದ ಎಳೆದು ಹಾಕುತ್ತಿದ್ದೆ. ಹೋದ ವರ್ಷ ಪೈಪು ಹಾಕಿಸಿದೆವು. ಕೈ ಮಾತ್ರ ಹಳೆಯ ರೂಢಿ ಬಿಡಲಿಲ್ಲ. ಬೂದಿಯೂ ಎಣ್ಣೆಜಿಡ್ಡೂ ಕೂಡಿ ಪೈಪಿನೊಳಗೆ ಗಾರೆಯಂತೆ ಗಟ್ಟಿಯಾಗಿದ್ದವು.

ಯಜಮಾನರು ಆಸಿಡ್ ಬಾಟಲಿ ತಂದರು. ಆದರೆ ಆ ಪೈಪು ಗೋಡೆ ದಾಟಿ ಬಾಯಿ ತೆರೆಯುವುದು ಪಕ್ಕದ ಮನೆಯಾಕೆಯ ಮದರಂಗಿ ಗಿಡದ ಬುಡಕ್ಕೆ. ಎಂಟು ದಿನಕ್ಕೆ ಅವಳ ಮಗಳ ಮದುವೆ, ಲಿಂಗಸುಗೂರಿನ ವರ. ಆ ಎಲೆಯನ್ನೇ ಅರೆದು ಮಗಳ ಕೈಗೆ ಹಚ್ಚಬೇಕೆಂದು ಎರಡು ತಿಂಗಳಿಂದ ಯಾರಿಗೂ ಒಂದು ಟೊಂಗೆ ಮುರಿಯಲು ಬಿಟ್ಟಿರಲಿಲ್ಲ.

“ಸಂಜೀತನಕ ತಡೀರಿ,” ಎಂದೆ.

“ಸಂಜೀತನಕ ಅಷ್ಟ. ಆಮ್ಯಾಲ ನಾ ಸುರಿಯಾಂವನ.”

ನಿಂತ ನೀರನ್ನು ಚೆಂಬಿನಿಂದ ತೋಡಿ, ಅಡುಗೆ ಸೋಡಾ ಹಾಕಿ, ನಿಂಬೆರಸ ಹಿಂಡಿದೆ. ಬುಸುಬುಸು ನೊರೆ ಬಂತು. “ಆರು ನಿಂಬಿಹಣ್ಣು ಬಚ್ಚಲಾ ಕುಡೀತು, ನನಗೊಂದು ಗ್ಲಾಸ್ ಶರಬತ್ ಇಲ್ಲ,” ಎಂದರು ಯಜಮಾನರು. ಜಿಡ್ಡು ಸ್ವಲ್ಪ ಸಡಿಲಾಗಿರಬೇಕು; ಆದರೂ ಸುರಿದ ನೀರು ಇಳಿಯಲಿಲ್ಲ.

ಗೋಡೆಯ ಮೇಲಿಂದ ಇಣುಕಿ ಪಕ್ಕದಾಕೆಗೆ ಇದ್ದದ್ದು ಇದ್ದಂತೆ ಹೇಳಿದೆ. ಅವಳ ಮುಖ ಸಣ್ಣದಾಯಿತು.

“ಯಾ ಅಲ್ಲಾ! ಆಸಿಡ್ ಬ್ಯಾಡ್ರೀ ಅಕ್ಕಾ. ತಡೀರಿ, ಈ ಕಡಿಂದ ನಾ ಚುಚ್ಚತೀನಿ.”

ಒಲೆಗೆಂದು ಒಟ್ಟಿದ್ದ ಹತ್ತಿಕಟ್ಟಿಗೆಯಲ್ಲಿ ಉದ್ದದೊಂದನ್ನು ಆರಿಸಿ, ತುದಿಗೆ ತೆಂಗಿನ ನಾರು ಬಿಗಿದು, ಪೈಪಿನ ಬಾಯಿಗೆ ತೂರಿಸಿದಳು. ಇತ್ತ ನಾನು ಕೈ ತಾಳುವಷ್ಟು ಬಿಸಿನೀರು ಹೊಯ್ದೆ.

“ಹಾಕ್ರೀ ಅಕ್ಕಾ!”

“ಹಾಕೀನಿ ಬೇ!”

“ಏನೂ ಬರವಲ್ದು! ಒಳಗ ಸ್ಲ್ಯಾಬ್ ಹಾಕ್ಸೀರೇನು?”

ಐದನೆಯ ಕೊಡಕ್ಕೆ ಒಳಗೆ ಗುಳುಗುಳು ಎಂದಿತು. ಕರಿ ಬೂದಿಯ ಗಡ್ಡೆ ಅವಳ ಪಾದದ ಮೇಲೇ ಬಿತ್ತಂತೆ; ಮೊದಲು ಬೈಗುಳ, ಆಮೇಲೆ ನಗು ಕೇಳಿಸಿತು. ನನ್ನ ಬಚ್ಚಲ ನೀರು ಸುತ್ತಿ ಸುತ್ತಿ ಇಳಿದುಹೋಯಿತು.

ಯಜಮಾನರು ಬಾಟಲಿಯ ಮುಚ್ಚಳ ತೆಗೆಯದೆ ಅಂಗಡಿಗೆ ವಾಪಸು ಒಯ್ದರು. ಪಕ್ಕದಾಕೆ ಗಿಡದ ಬುಡ ಕೆದರುತ್ತ, “ಅರದ ಕೂಡ್ಲೇ ಮೊದಲ ನಿಮ್ಮ ಕೈಗೆ ಹಚ್ಚತೀನಿ,” ಎಂದಳು.

“ಲಗ್ನ ನನ್ನದೇನ ಬೇ?” ಎಂದೆ.

ರಾತ್ರಿ ಬಿಸಿ ಅನ್ನ, ಬೇಳೆಸಾರು, ಶೇಂಗಾ ಚಟ್ನಿ ಉಂಡೆವು. ಮೊದಲು ಮಲಗಿದವಳು ನಾನೇ.