ಗೆರೆ ಸುತ್ತದ ಚುಕ್ಕಿ

ಶಕುನ, ಪೂರ್ವಜನ್ಮ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಜಂಬ ಬೇರೆ. ಆದರೆ ಮೂರು ವರ್ಷದ ಹಿಂದೆ ಬಸವನಗುಡಿಯಲ್ಲಿ ಹಾಡಹಗಲೇ ನಡೆದದ್ದನ್ನು ಹೇಳದೆ ಇರಲಾರೆ.

ನಮ್ಮ ತಂದೆಯ ಊರು ಅರಳಿಗೇಟು, ಹೆದ್ದಾರಿ ಪಕ್ಕದ ಪುಟ್ಟ ಊರು. ಅದರ ಚರಿತ್ರೆ ಬರೆದುಕೊಡಲು ಒಪ್ಪಿಕೊಂಡಿದ್ದೆ. ಎತ್ತಿನಗಾಡಿಗಳ ಕಾಲದಲ್ಲಿ ಅಲ್ಲೊಂದು ಛತ್ರ, ದಾರಿಹೋಕರಿಗೊಂದು ಸಿಹಿನೀರಿನ ಬಾವಿ ಇದ್ದವಂತೆ. ಈಗ ಎರಡು ಪೆಟ್ರೋಲ್ ಬಂಕು, ನಾಲ್ಕು ಹೋಟೆಲು, ಎಟಿಎಂ, ಪಂಕ್ಚರ್ ಅಂಗಡಿ ಎಲ್ಲ ಇವೆ. ಕುಡಿಯುವ ನೀರು ಮಾತ್ರ ಇಲ್ಲ. ಬೋರ್‌ವೆಲ್ ಬತ್ತಿ ಜನ ಟ್ಯಾಂಕರಿಗೆ ಕಾಯುತ್ತಿದ್ದರು. ಆ ಹಳೆಯ ಬಾವಿಯನ್ನು ನಮ್ಮ ತಂದೆ ಹುಟ್ಟುವ ಮುಂಚೆಯೇ ಚಪ್ಪಡಿ ಹಾಕಿ ಮುಚ್ಚಿದ್ದರು. ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪನ ಮಗ ಶಿವಣ್ಣ ಊರಿಂದ ಫೋನ್ ಮಾಡಿದ. "ಸೋಮವಾರ ಸರ್ವಿಸ್ ರಸ್ತೆಗೆ ಟಾರ್ ಹಾಕ್ತಾರೆ ಕಣೋ. ಆಮೇಲೆ ಅಗೆಯೋಕೆ ಬಿಡಲ್ಲ. ನಿನ್ನ ಹಳೇ ಕಾಗದದಲ್ಲಿ ಬಾವಿ ಜಾಗ ಏನಾದ್ರೂ ಸಿಕ್ತಾ?" ಸಿಕ್ಕಿರಲಿಲ್ಲ. ಇಲ್ಲ ಅನ್ನಲು ನಾಚಿಕೆಯಾಯಿತು.

ಶನಿವಾರ ಮಧ್ಯಾಹ್ನ ಚಿಕ್ಕಮ್ಮನ ಮನೆಗೆ ಹೋದೆ. ಅಮ್ಮನ ತಂಗಿ, ಹುಟ್ಟಿದ್ದು ಚಾಮರಾಜಪೇಟೆ, ಕೊಟ್ಟಿದ್ದು ಬಸವನಗುಡಿಗೆ. ಬಸ್ಸು ಹತ್ತಿದರೆ ವಾಂತಿಯೆಂದು ಶೇಷಾದ್ರಿಪುರಂ ದಾಟಿದವಳಲ್ಲ. ಅರಳಿಗೇಟಿಗಂತೂ ಕಾಲೇ ಇಟ್ಟಿಲ್ಲ. ಎಂಬತ್ತು ದಾಟಿದ ಮೇಲೆ ಮರೆವು ಬಂದು ನನ್ನ ಹೆಸರೂ ನೆನಪಿರಲಿಲ್ಲ. ಕೈ ಮಾತ್ರ ರಂಗೋಲಿ ಮರೆತಿರಲಿಲ್ಲ. ಹೊತ್ತು ಹೋಗಲೆಂದು ನಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತಾ ಕೂತೆ. ಅವಳು ನಡುಮನೆಯಲ್ಲಿ ಚುಕ್ಕಿ ಇಡತೊಡಗಿದಳು.

ಗೆರೆ ಪ್ರತಿ ಚುಕ್ಕಿಯನ್ನೂ ಸುತ್ತಿ ಬರಬೇಕು. ಇಲ್ಲಿ ಒಂದು ಹೊರಗೇ ಉಳಿದಿತ್ತು. ಛೇಡಿಸೋಣವೆಂದು, "ಚಿಕ್ಕಮ್ಮ, ಒಂದು ಚುಕ್ಕಿ ಬಿಟ್ಟೋಯ್ತಲ್ಲೇ" ಅಂದೆ.

"ಬಿಟ್ಟಿಲ್ಲ ಕಣೋ. ಅದನ್ನ ಮುಚ್ಚಿಬಿಟ್ಟಿದಾರೆ."

ಎದ್ದು ನಿಂತು ನೋಡಿದರೆ ಅದು ಅರಳಿಗೇಟಿನ ನಕ್ಷೆ! ನಡುವೆ ಹಾದ ಜೋಡಿ ಗೆರೆ ಹೆದ್ದಾರಿ, ಅದು ತಿರುಗುವಲ್ಲಿ ಅರಳಿಕಟ್ಟೆ, ಪಕ್ಕದಲ್ಲೇ ಛತ್ರದ ಚೌಕ, ಅದರಾಚೆ ಮೋರಿಯ ಅಡ್ಡಗೆರೆ. ಬಿಟ್ಟ ಚುಕ್ಕಿ ಛತ್ರಕ್ಕೂ ಮೋರಿಗೂ ನಡುವೆ! ಬಾವಿಯ ವಿಷಯ ನಾನೇ ಓದಿದ್ದೆ, ಸರಿ. ಆದರೆ ತಿರುವು, ಮೋರಿ ಯಾವುದೂ ನನ್ನ ಬರಹದಲ್ಲಿರಲಿಲ್ಲ. ಫೋಟೋ ತೆಗೆದು ಶಿವಣ್ಣನಿಗೆ ಕಳಿಸಿದೆ. ನಗುತ್ತಾನೆ ಅಂದುಕೊಂಡಿದ್ದೆ, ನೀರಿಗೆ ಕಂಗೆಟ್ಟಿದ್ದವನು ಅಲ್ಲೇ ಅಗೆಸಲು ಹೊರಟ.

ಭಾನುವಾರ ಹತ್ತು ಗಂಟೆಗೆ ಅವನ ಫೋನು. "ಚಪ್ಪಡಿ ಸಿಕ್ತೋ! ಸಂದಿಯಿಂದ ಕಲ್ಲು ಹಾಕಿದ್ರೆ ಬುಳುಕ್ ಅಂತಿದೆ!" ತ್ಯಾಗರಾಜನಗರದ ನಮ್ಮ ಮನೆಯ ಗೇಟಿನ ಹತ್ತಿರ, ಈ ವಯಸ್ಸಿನಲ್ಲಿ, ನಾನು ಕುಣಿದುಬಿಟ್ಟೆ. ಊರಿನವರೆಲ್ಲ ಅಡ್ಡ ನಿಂತು ರಸ್ತೆಯನ್ನು ಎರಡು ಮಾರು ಆಚೆ ಸರಿಸಿದರು.

ಚಿಕ್ಕಮ್ಮ ಚಿಕ್ಕಂದಿನಲ್ಲಿ ಯಾರ ಬಾಯಲ್ಲೋ ಕೇಳಿರಬಹುದು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಸಮಾಧಾನವೂ ಎರಡೇ ತಿಂಗಳು ಉಳಿಯಿತು. ಹೂಳು ತೆಗೆಸಿದ ಮೇಲೆ ಶಿವಣ್ಣ ಬಾಟಲಿಯಲ್ಲಿ ಆ ನೀರು ತಂದ. ಎಲ್ಲಿಯದೆಂದು ಹೇಳದೆ ಲೋಟಕ್ಕೆ ಬಗ್ಗಿಸಿ ಚಿಕ್ಕಮ್ಮನಿಗೆ ಕೊಟ್ಟೆವು. ಒಂದು ಗುಟುಕಿಗೇ ಅವಳ ಮುಖ ಅರಳಿತು. ಉಳಿದದ್ದನ್ನೂ ಕುಡಿದು ಲೋಟ ಕೆಳಗಿಟ್ಟಳು.

"ಹಾಗೇ ಇದೆ ಕಣೋ. ಸಿಹಿ ಒಂಚೂರೂ ಕಮ್ಮಿ ಆಗಿಲ್ಲ."